ಪಕ್ಕದ ಮನೆ ವೈ-ಫೈ: ಬೀಗ ಇಲ್ಲದಿದ್ದರೆ ನಮ್ಮದಾಗುತ್ತಾ?

ಬೆಳಿಗ್ಗೆ ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಲು ಬಂದರೆ ಕಾಂಪೌಂಡಿನ ಆಚೆ ಯಾರೋ ನಿಂತಿರುತ್ತಾರೆ. ಕೈಯಲ್ಲೊಂದು ಪ್ಲಾಸ್ಟಿಕ್ ಕವರ್. ನೀವು ವರ್ಷಗಟ್ಟಲೆ ನೀರೆರೆದು ಬೆಳೆಸಿದ ದಾಸವಾಳದ ಕೊಂಬೆಯನ್ನು ಬಗ್ಗಿಸಿ ಒಂದೊಂದೇ ಹೂ ಕೀಳುತ್ತಿರುತ್ತಾರೆ. ನಿಮ್ಮನ್ನು ನೋಡಿದ ಕೂಡಲೇ, "ರಸ್ತೆ ಕಡೆ ಬಾಗಿತ್ತು ಕಣ್ರೀ, ದೇವರಿಗೆ ತಾನೆ" ಅಂತ ನಕ್ಕು ಮುಂದೆ ಹೋಗುತ್ತಾರೆ. ನಿಮ್ಮ ಮನೆ ದೇವರಿಗೆ ಅಂದು ಹೂವಿಲ್ಲ! ಎಷ್ಟು ಸಿಟ್ಟು ಬರುತ್ತೆ ಅಲ್ವಾ?

ಈಗ ಇನ್ನೊಂದು ಪ್ರಶ್ನೆ. ಪಕ್ಕದ ಮನೆಯ ವೈ-ಫೈ ಪಾಸ್‌ವರ್ಡ್ ಇಲ್ಲದೆ ನಿಮ್ಮ ಮೊಬೈಲಿಗೆ ಸಿಗುತ್ತಿದೆ. ಅವರನ್ನು ಕೇಳದೆ ಅದನ್ನು ಬಳಸಿದರೆ ಅದು ಆ ದಾಸವಾಳದ ಹೂ ಕಿತ್ತ ಹಾಗೆಯೇ, ಅಲ್ಲವೇ?

ನಗಬೇಡಿ. ಈ ಪ್ರಶ್ನೆ ನನ್ನ ಮನೆಯಲ್ಲೇ ಎದ್ದದ್ದು.

ಗೋಡೆಯಾಚೆಯ ಮಾತು

ಕೆಲವು ವರ್ಷಗಳ ಹಿಂದೆ ಚಿಕ್ಕಲಸಂದ್ರದಲ್ಲಿ ಬಾಡಿಗೆಗಿದ್ದೆವು. ಅಲ್ಲಿನ ರಸ್ತೆಗಳು ನಿಮಗೆ ಗೊತ್ತಲ್ಲ, ಒಂದು ಮನೆಯ ಕಿಟಕಿ ತೆರೆದರೆ ಇನ್ನೊಂದು ಮನೆಯ ಒಗ್ಗರಣೆ ಘಮ್ ಅಂತ ಬರುತ್ತೆ. ಅಷ್ಟು ಹತ್ತಿರವಿರುವ ಮನೆಗಳ ಮಧ್ಯೆ ವೈ-ಫೈ ತರಂಗಕ್ಕೆ ಯಾವ ಕಾಂಪೌಂಡು? ಪಕ್ಕದಲ್ಲಿ ನಿವೃತ್ತ ದಂಪತಿ ಇದ್ದರು. ಮಗಳು, ಮೊಮ್ಮಗ ಅಮೆರಿಕದಲ್ಲಿ. ಭಾನುವಾರ ಬೆಳಿಗ್ಗೆ ವಿಡಿಯೊ ಕರೆಯಲ್ಲಿ ಮೊಮ್ಮಗನ ಮುಖ ನೋಡುವುದೇ ಆ ಅಜ್ಜಿಗೆ ವಾರದ ಹಬ್ಬ.

ಒಂದು ದಿನ ಬಟ್ಟೆ ಒಣಹಾಕುವಾಗ ಅವರು ಗೋಡೆಯಾಚೆಯಿಂದ ಬೇಸರ ತೋಡಿಕೊಂಡರು. "ಏನ್ ಇಂಟರ್‌ನೆಟ್ಟೋ ಏನೋ. ತಿಂಗಳ ಮಧ್ಯಕ್ಕೇ ನಿಧಾನ ಆಗುತ್ತೆ. ಮಗು ಮಾತಾಡೋಕೆ ಶುರು ಮಾಡಿದ ತಕ್ಷಣ ಚಿತ್ರ ನಿಂತೇಹೋಗುತ್ತೆ. ಕಂಪನಿಯವರು ಬಂದು ನೋಡಿ ಲೈನ್ ಸರಿಯಾಗೇ ಇದೆ ಅಂತಾರೆ. ಇನ್ನೂ ದೊಡ್ಡ ಪ್ಲಾನ್ ಹಾಕ್ಸಿ ಅಂತಾರೆ."

ನಾನು "ಅಯ್ಯೋ ಪಾಪ" ಅಂದು ಒಳಗೆ ಬಂದೆ. ಒಳಗೆ ನನ್ನ ಮಗ ಸೋಫಾದ ಮೇಲೆ ಕಾಲು ಚಾಚಿಕೊಂಡು ಸಿನಿಮಾ ಡೌನ್‌ಲೋಡ್ ಮಾಡುತ್ತಿದ್ದ. ಆಗ ನಮ್ಮ ಮನೆಯಲ್ಲಿ ಇಂಟರ್‌ನೆಟ್ ಸಂಪರ್ಕವೇ ಇರಲಿಲ್ಲ! "ಯಾವುದರಲ್ಲೋ?" ಅಂದೆ. "ಅಮ್ಮಾ, ಪಕ್ಕದ ಮನೇದು. ಪಾಸ್‌ವರ್ಡೇ ಇಲ್ಲ. ಓಪನ್ ಇದೆ. ಫ್ರೀ" ಅಂದ. ಅವನ ಮುಖದಲ್ಲಿ ಅಳುಕಿನ ಸುಳಿವೂ ಇರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಎರಡು ಸಲ ಅದರಲ್ಲೇ ಅಡುಗೆ ವಿಡಿಯೊ ನೋಡಿದ್ದೆ. ಎಲ್ಲಿಂದ ಬರುತ್ತಿದೆ ಅಂತ ಕೇಳಿರಲೇ ಇಲ್ಲ.

ಫ್ರೀ ಅಂದರೆ ಯಾರಿಗೆ ಫ್ರೀ?

"ಗಾಳೀಲಿ ಬರೋದು, ಅವರಿಗೇನು ನಷ್ಟ?" ಇದು ಎಲ್ಲರೂ ಹೇಳುವ ಮಾತು. ಸ್ವಲ್ಪ ಲೆಕ್ಕ ಹಾಕಿ ನೋಡಿ. ವೈ-ಫೈ ಪೆಟ್ಟಿಗೆ, ಅಂದರೆ ರೂಟರ್, ನಿಮ್ಮ ಮನೆಯ ಸಂಪ್ ಇದ್ದ ಹಾಗೆ. ಕಾವೇರಿ ನೀರು ಬರುವ ಪೈಪು ಒಂದೇ. ಅಡುಗೆಮನೆ ನಲ್ಲಿ, ಬಚ್ಚಲಮನೆ ನಲ್ಲಿ, ವಾಷಿಂಗ್ ಮೆಷಿನ್ ಎಲ್ಲ ಒಟ್ಟಿಗೆ ಬಿಟ್ಟರೆ ಮಹಡಿ ಮೇಲೆ ಸ್ನಾನಕ್ಕೆ ನಿಂತವರಿಗೆ ಬೊಟ್ಟು ಬೊಟ್ಟು ನೀರು. ಇಂಟರ್‌ನೆಟ್ಟಿನ ವೇಗವೂ ಹೀಗೇ ಹಂಚಿಹೋಗುತ್ತದೆ.

2005ರಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮನೆಮನೆಗೆ ಬರತೊಡಗಿದ ಕಾಲದ ಅಗ್ಗದ ಪ್ಲಾನ್‌ಗಳಲ್ಲಿ ತಿಂಗಳಿಗೆ ಇಷ್ಟೇ ಅಂತ ಮಿತಿ ಇರುತ್ತಿತ್ತು. ದಾಟಿದರೆ ಬಿಲ್ ಏರುತ್ತಿತ್ತು. ಈಗ 'ಅನ್‌ಲಿಮಿಟೆಡ್' ಅನ್ನುವ ಅನೇಕ ಪ್ಲಾನ್‌ಗಳಿಗೂ ಒಳಗೊಳಗೇ ಒಂದು ಮಿತಿ ಇರುತ್ತೆ. ಅದು ಮುಗಿದರೆ ವೇಗ ಕುಸಿಯುತ್ತೆ. ಹಾಗಾಗಿ ನನ್ನ ಮಗನ ಪುಕ್ಕಟೆ ಸಿನಿಮಾಕ್ಕೆ ಬೆಲೆ ತೆತ್ತವರು ಪಕ್ಕದ ಮನೆ ಅಜ್ಜಿ. ಅದೂ ಮೊಮ್ಮಗನ ಮುಖದ ರೂಪದಲ್ಲಿ.

ಮೊಸರು ತಿಂದದ್ದು ಕೋತಿ, ಒರೆಸಿದ್ದು ಮೇಕೆ ಬಾಯಿಗೆ

ವೇಗ, ಬಿಲ್ಲು ಹಾಗಿರಲಿ. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಪ್ರತಿ ಸಂಪರ್ಕಕ್ಕೂ ಕಂಪನಿ ಒಂದು ಸಂಖ್ಯೆ ಕೊಟ್ಟಿರುತ್ತದೆ. ಅದನ್ನು ಐಪಿ ವಿಳಾಸ ಅನ್ನುತ್ತಾರೆ. ನೀವು ಯಾವುದೇ ತಾಣ ನೋಡಿದರೂ, ಏನೇ ಬರೆದರೂ ಆ ಸಂಖ್ಯೆ ಅಲ್ಲಿ ದಾಖಲಾಗುತ್ತೆ. ಪಕ್ಕದವರ ವೈ-ಫೈನಲ್ಲಿ ನೀವು ಕುಳಿತರೆ ದಾಖಲಾಗುವುದು ಅವರ ಸಂಖ್ಯೆ. ನಾಳೆ ಏನಾದರೂ ಎಡವಟ್ಟಾದರೆ ಪೊಲೀಸರು ಮೊದಲು ಬಾಗಿಲು ತಟ್ಟುವುದು ಅವರ ಮನೆಯದ್ದೇ.

ಇದು ಹೆದರಿಸಲು ಹೇಳುವ ಕತೆ ಅಲ್ಲ. 2008ರ ಜುಲೈ 25ರಂದು ನಮ್ಮ ಬೆಂಗಳೂರಿನಲ್ಲೇ ಮಡಿವಾಳ, ಆಡುಗೋಡಿ, ಕೋರಮಂಗಲದ ಕಡೆ ಸರಣಿ ಸ್ಫೋಟ ನಡೆದದ್ದು ನಿಮಗೆ ನೆನಪಿರಬಹುದು. ಮರುದಿನ, ಜುಲೈ 26ಕ್ಕೆ ಅಹಮದಾಬಾದಿನಲ್ಲಿ ಸ್ಫೋಟ. 50ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕೆಲವೇ ನಿಮಿಷ ಮೊದಲು ಟಿವಿ ಚಾನೆಲ್‌ಗಳಿಗೆ ಬೆದರಿಕೆಯ ಇ-ಮೇಲ್ ಹೋಗಿತ್ತು. ಐಪಿ ವಿಳಾಸ ಹಿಡಿದು ಹೊರಟ ಪೊಲೀಸರು ತಲುಪಿದ್ದು ನವಿ ಮುಂಬೈನ ಸಾನ್‌ಪಾಡಾದ ಒಂದು ಫ್ಲಾಟಿಗೆ. ಅಲ್ಲಿದ್ದವರು ಅಮೆರಿಕದ ಪ್ರಜೆ. ಅವರ ಕಂಪ್ಯೂಟರುಗಳು ತನಿಖೆಗೆ ಹೋದವು, ಅವರೂ ದಿನಗಟ್ಟಲೆ ಪ್ರಶ್ನೆ ಎದುರಿಸಿದರು. ಕೊನೆಗೆ ತಿಳಿದದ್ದೇನು? ಅವರ ವೈ-ಫೈಗೆ ಬೀಗ ಇರಲಿಲ್ಲ. ಅದನ್ನು ಬೇರೆ ಯಾರೋ ಬಳಸಿಕೊಂಡಿದ್ದರು. ಅದೇ ಆಗಸ್ಟಿನಲ್ಲಿ ಮುಂಬೈನ ಕಾಲೇಜೊಂದರ, ಸೆಪ್ಟೆಂಬರಿನಲ್ಲಿ ದೆಹಲಿ ಸ್ಫೋಟದ ವೇಳೆ ಚೆಂಬೂರಿನ ಕಂಪನಿಯೊಂದರ ವೈ-ಫೈಯೂ ಇದೇ ರೀತಿ ದುರುಪಯೋಗವಾದವು.

ಬೆಂಗಳೂರಿನದೇ ಇನ್ನೊಂದು ಪ್ರಸಂಗ ಕೇಳಿ. 2007ರಲ್ಲಿ ಇಲ್ಲಿನ ಐಟಿ ಉದ್ಯೋಗಿಯೊಬ್ಬರನ್ನು ಪುಣೆ ಪೊಲೀಸರು ಬಂಧಿಸಿದರು. ಆಗ ಎಲ್ಲರ ಬಾಯಲ್ಲಿದ್ದ ಆರ್ಕುಟ್ ತಾಣದಲ್ಲಿ ಛತ್ರಪತಿ ಶಿವಾಜಿಯವರಿಗೆ ಅಪಮಾನವಾಗುವ ಚಿತ್ರ ಹಾಕಿದರು ಎಂಬ ಆರೋಪ. ಸುಮಾರು 50 ದಿನ ಅವರು ಜೈಲಿನಲ್ಲಿ ಕಳೆದರು. ಆಮೇಲೆ ನೋಡಿದರೆ ಐಪಿ ವಿಳಾಸ ಯಾರದ್ದು ಅಂತ ಕೊಟ್ಟ ಮಾಹಿತಿಯೇ ತಪ್ಪಾಗಿತ್ತು! ಅಲ್ಲಿ ವೈ-ಫೈ ಕದ್ದವರು ಯಾರೂ ಇರಲಿಲ್ಲ ನಿಜ. ಆದರೆ ಒಂದು ಸಂಖ್ಯೆಯ ಜೊತೆ ತಪ್ಪು ಹೆಸರು ತಳುಕು ಹಾಕಿಕೊಂಡರೆ ಸಂಸಾರಸ್ಥರ ಬದುಕು ಹೇಗೆ ತಲೆಕೆಳಗಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ನಿಮ್ಮ ಮನೆಯವರು ಅಲ್ಲಿದ್ದಿದ್ದರೆ ಅಂತ ಒಮ್ಮೆ ಯೋಚಿಸಿ.

ಕಾನೂನು ಏನು ಹೇಳುತ್ತೆ?

ನಮ್ಮಲ್ಲಿ ಇದಕ್ಕೆ ಅನ್ವಯಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000. ಅದರ 43ನೇ ಸೆಕ್ಷನ್ ಪ್ರಕಾರ ಕಂಪ್ಯೂಟರ್ ಅಥವಾ ಕಂಪ್ಯೂಟರ್ ಜಾಲವನ್ನು ಅದರ ಮಾಲೀಕರ ಇಲ್ಲವೇ ಉಸ್ತುವಾರಿ ಹೊತ್ತವರ ಅನುಮತಿಯಿಲ್ಲದೆ ಪ್ರವೇಶಿಸಿದರೆ ನಷ್ಟ ಕಟ್ಟಿಕೊಡಬೇಕಾಗುತ್ತದೆ. ಇಲ್ಲಿ ಗಮನಿಸಿ, ಕಾನೂನು ಕೇಳುವುದು 'ಅನುಮತಿ ಇತ್ತೇ' ಅಂತ. 'ಬೀಗ ಇತ್ತೇ' ಅಂತ ಕೇಳುವುದಿಲ್ಲ. ಮನೆ ಬಾಗಿಲು ತೆರೆದಿತ್ತು ಅಂತ ಯಾರಾದರೂ ಒಳಗೆ ಬಂದು ನಿಮ್ಮ ಟಿವಿ ಹಾಕಿಕೊಂಡು ಕೂತರೆ ನೀವು ಸುಮ್ಮನಿರ್ತೀರಾ?

ಪರಿಹಾರ ಕೇಳುವವರು ರಾಜ್ಯ ಸರ್ಕಾರದ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಯವರ ಮುಂದೆ ದೂರು ಕೊಡಬಹುದು. ಇಂಥ ವ್ಯಾಜ್ಯಗಳಿಗೆ ನ್ಯಾಯನಿರ್ಣಯ ಅಧಿಕಾರಿ ಅವರೇ.

ಇನ್ನು ಜೈಲಿನ ಮಾತು. 2009ರ ಅಕ್ಟೋಬರ್ 27ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಇದೇ ಕೆಲಸವನ್ನು ಅಪ್ರಾಮಾಣಿಕ ಉದ್ದೇಶದಿಂದ ಅಥವಾ ಮೋಸದಿಂದ ಮಾಡಿದರೆ 66ನೇ ಸೆಕ್ಷನ್ ಕೆಳಗೆ ಅಪರಾಧ. 3 ವರ್ಷದವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ 66-ಸಿ ಸೆಕ್ಷನ್ ಬೇರೆ ಇದೆ. ಅದಕ್ಕೂ 3 ವರ್ಷದವರೆಗೆ ಸೆರೆವಾಸ, 1 ಲಕ್ಷದವರೆಗೆ ದಂಡ.

ಹಾಗಂತ ಗಾಬರಿ ಬೀಳಬೇಡಿ. ನಿಮ್ಮ ಫೋನು ತಾನಾಗಿಯೇ ಯಾವುದೋ ಜಾಲಕ್ಕೆ ಸೇರಿಕೊಂಡಿದ್ದು, ನಿಮಗೆ ಗೊತ್ತೇ ಇರದಿದ್ದರೆ ಅದು ಅಪ್ರಾಮಾಣಿಕತೆ ಅಲ್ಲ. ಆದರೆ ಇನ್ನೊಬ್ಬರದು ಅಂತ ಗೊತ್ತಿದ್ದೂ, ಅವರಿಗೆ ನಷ್ಟ ಅಂತ ತಿಳಿದೂ ತಿಂಗಳುಗಟ್ಟಲೆ ಬಳಸಿದರೆ 'ಗೊತ್ತಿರಲಿಲ್ಲ' ಅನ್ನುವ ಮಾತು ನಿಲ್ಲುವುದು ಕಷ್ಟ.

ಬಾಗಿಲು ತೆರೆದಿಟ್ಟವರ ಪಾಡೇನು? ವೈ-ಫೈಗೆ ಪಾಸ್‌ವರ್ಡ್ ಇಲ್ಲ ಅಂದ ಮಾತ್ರಕ್ಕೆ ಯಾರೂ ಅಪರಾಧಿ ಆಗುವುದಿಲ್ಲ. ಆದರೆ 2008ರ ಘಟನೆಗಳ ನಂತರ ಸರ್ಕಾರ ಎಚ್ಚೆತ್ತಿತು. 2009ರ ಫೆಬ್ರುವರಿಯಲ್ಲಿ ದೂರಸಂಪರ್ಕ ಇಲಾಖೆ ವೈ-ಫೈ ಸುರಕ್ಷತೆಯ ಬಗ್ಗೆ ಇಂಟರ್‌ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸಿತು. ಅದಕ್ಕೂ ಮುಂಚೆ, 2004ರಲ್ಲೇ ಕರ್ನಾಟಕ ಸರ್ಕಾರ ಸೈಬರ್ ಕೆಫೆಗಳಿಗೆ ನಿಯಮ ತಂದಿತ್ತು. ಕೆಫೆಗೆ ಹೋದಾಗ ಗುರುತಿನ ಚೀಟಿ ತೋರಿಸಿ ಪುಸ್ತಕದಲ್ಲಿ ಹೆಸರು ಬರೆಯುತ್ತಿದ್ದೆವಲ್ಲ, ಅದು ಇದಕ್ಕೇ. ಕಂಪ್ಯೂಟರಿನ ಮುಂದೆ ಕೂತವರು ಯಾರು ಅಂತ ಗೊತ್ತಿರಬೇಕು ಅನ್ನುವುದು ಉದ್ದೇಶ.

ಬೇರೆ ದೇಶಗಳಲ್ಲಿ

ಸಿಂಗಪುರದಲ್ಲಿ 2006ರಲ್ಲಿ 17 ವರ್ಷದ ಹುಡುಗನೊಬ್ಬ ಪಕ್ಕದ ಮನೆಯ ವೈ-ಫೈ ಬಳಸಿದ್ದಕ್ಕೆ ಕೋರ್ಟಿನ ಮೆಟ್ಟಿಲು ಹತ್ತಿದ. ಮರುವರ್ಷ ಅವನಿಗೆ 18 ತಿಂಗಳ ಪ್ರೊಬೇಷನ್ ಆಯಿತು. ಅಮೆರಿಕದ ಮಿಷಿಗನ್‌ನಲ್ಲಿ 2007ರಲ್ಲಿ ಒಬ್ಬರು ಕಾಫಿ ಅಂಗಡಿಯ ಹೊರಗೆ ಕಾರು ನಿಲ್ಲಿಸಿ, ಒಳಗಿನ ವೈ-ಫೈನಲ್ಲಿ ಇ-ಮೇಲ್ ನೋಡುತ್ತಿದ್ದರು. ಕಾಫಿ ಕೊಂಡಿರಲಿಲ್ಲ! ಅವರಿಗೆ 400 ಡಾಲರ್ ದಂಡ, 40 ಗಂಟೆ ಸಮುದಾಯ ಸೇವೆ ಬಿತ್ತು. ಜರ್ಮನಿಯಲ್ಲಿ ಲೆಕ್ಕ ಇನ್ನೊಂದು ಕಡೆಯಿಂದ. 2010ರಲ್ಲಿ ಅಲ್ಲಿನ ಉನ್ನತ ನ್ಯಾಯಾಲಯ, ಮನೆಯ ವೈ-ಫೈಗೆ ಪಾಸ್‌ವರ್ಡ್ ಹಾಕುವುದು ಮಾಲೀಕರ ಹೊಣೆ ಅಂತ ಹೇಳಿತು. ಕದಿಯುವವರಿಗೂ ಬುದ್ಧಿ, ಬಾಗಿಲು ತೆರೆದಿಡುವವರಿಗೂ ಬುದ್ಧಿ!

ಕಷ್ಟ ಇದ್ದರೆ ಏನು ಮಾಡೋದು?

2020ರ ಲಾಕ್‌ಡೌನ್ ನೆನಪು ಮಾಡಿಕೊಳ್ಳಿ. ಶಾಲೆಯೆಲ್ಲ ಮೊಬೈಲಿಗೆ ಬಂತು. ಡೇಟಾ ಹಾಕಿಸಲು ದುಡ್ಡಿಲ್ಲದ ಮನೆಗಳ ಮಕ್ಕಳು ಪಾಠ ಕೇಳಲು ಪರದಾಡಿದರು. ಅಂಥ ಮಗುವೊಂದು ಪಕ್ಕದವರ ವೈ-ಫೈನಲ್ಲಿ ಪಾಠ ಕೇಳಿದರೆ ತಪ್ಪು ಅಂತ ಹೇಳಲು ಯಾರಿಗೆ ಬಾಯಿ ಬರುತ್ತೆ?

ಆದರೂ ಆ ಮಗುವಿನ ಅಮ್ಮ ಗೇಟಿನ ಹತ್ತಿರ ಬಂದು, "ಅಕ್ಕಾ, ಮಗೂಗೆ ಕ್ಲಾಸಿದೆ, ಒಂದು ಗಂಟೆ ಕೊಡ್ತೀರಾ?" ಅಂತ ಕೇಳಿದರೆ ಇಲ್ಲ ಅನ್ನುವ ಗೃಹಿಣಿ ನಮ್ಮಲ್ಲಿ ಅಪರೂಪ. ಹೆಪ್ಪಿಗೆ ಒಂದು ಚಮಚ ಮೊಸರು, ಒಗ್ಗರಣೆಗೆ ನಾಲ್ಕು ಎಸಳು ಕರಿಬೇವು, ನೆಂಟರು ಬಂದಾಗ ಒಂದು ಲೋಟ ಸಕ್ಕರೆ ನಾವು ಕೊಟ್ಟು ತಂದು ಮಾಡಿದವರೇ ಅಲ್ಲವೇ? ಆ ಕೊಡುಕೊಳ್ಳುವಿಕೆಯಲ್ಲಿ ಒಂದು ಮಾತು ಇರುತ್ತೆ, ಒಂದು ನಗು ಇರುತ್ತೆ, ನಾಳೆ ತಿರುಗಿ ಕೊಡುವ ಋಣವೂ ಇರುತ್ತೆ. ಅದೇ ಮೊಸರನ್ನು ಅವರ ಅಡುಗೆಮನೆಗೆ ನುಗ್ಗಿ ತಂದರೆ? ಚಮಚ ಅಷ್ಟೇ, ಆದರೆ ಹೆಸರು ಬೇರೆ.

ಬಾಡಿಗೆ ಮನೆಗಳಲ್ಲಿ ಓನರ್ ಮತ್ತು ಬಾಡಿಗೆಯವರು ಒಂದೇ ಸಂಪರ್ಕ ಹಂಚಿಕೊಳ್ಳುವುದೂ ಉಂಟು. ಹಾಗಿದ್ದರೆ ಇಂಟರ್‌ನೆಟ್ ಕಂಪನಿಯ ಕರಾರಿನಲ್ಲಿ ಹಂಚಿಕೆಗೆ ಅವಕಾಶ ಇದೆಯೇ ಅಂತ ಒಮ್ಮೆ ಕೇಳಿಕೊಳ್ಳಿ. ಯಾರ್‍ಯಾರು ಬಳಸುತ್ತಾರೆ, ಎಷ್ಟು ದುಡ್ಡು ಹಂಚಿಕೊಳ್ಳುತ್ತಾರೆ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ಆಮೇಲೆ ಮನಸ್ತಾಪ ಬೇಡ.

ಮಕ್ಕಳಿಗೆ ಹೇಗೆ ಹೇಳೋದು?

ಗದರಿಸಿದರೆ ಮಕ್ಕಳು ಕದ್ದು ಮಾಡುತ್ತಾರೆ ಅಷ್ಟೆ. ಅವರ ಮಟ್ಟಕ್ಕಿಳಿದು ಹೇಳಿ. "ನಿನ್ನ ಹೊಸ ಸೈಕಲ್ಲಿಗೆ ಬೀಗ ಹಾಕೋದು ಮರೆತೆ. ಎದುರುಮನೆ ಹುಡುಗ ಕೇಳದೆ ತಗೊಂಡು ಹೋಗಿ ಸುತ್ತಿ ಬಂದ. ನಿನಗೆ ಹೇಗನ್ನಿಸುತ್ತೆ?" ಇಷ್ಟು ಕೇಳಿದರೆ ಸಾಕು.

ಮಕ್ಕಳ ಗುಂಪಿನಲ್ಲಿ ಅಕ್ಕಪಕ್ಕದ ಮನೆಗಳ ಪಾಸ್‌ವರ್ಡ್‌ಗಳು ಕೈಯಿಂದ ಕೈಗೆ ಓಡಾಡುತ್ತವೆ. ಬರ್ತ್‌ಡೇ ಪಾರ್ಟಿಗೆ ಹೋದಾಗ ಹಾಕಿಸಿಕೊಂಡ ಪಾಸ್‌ವರ್ಡ್ ವರ್ಷವಾದರೂ ಫೋನಿನಲ್ಲಿ ಇರುತ್ತೆ. "ಅವತ್ತು ಕೊಟ್ಟದ್ದು ಅವತ್ತಿಗೆ" ಅಂತ ತಿಳಿಹೇಳಿ. ತಮಾಷೆಗೆ ಕಳಿಸಿದ ಒಂದು ಕೆಟ್ಟ ಸಂದೇಶಕ್ಕೂ ಪೊಲೀಸರು ಬರುವುದು ಪಕ್ಕದ ಅಜ್ಜ-ಅಜ್ಜಿಯ ಮನೆಗೆ ಅನ್ನುವುದನ್ನೂ ಹೇಳಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಅಂದಹಾಗೆ ಬಳಸುವವರಿಗೂ ಅಪಾಯ ಇದೆ. ತೆರೆದ ವೈ-ಫೈ ಅಂತ ಕಾಣುವುದು ಕೆಲವೊಮ್ಮೆ ಬೇಕೆಂದೇ ಹಾಕಿದ ಗಾಳ. ನಕಲಿ ಪುಟ ತೋರಿಸಿ ನಿಮ್ಮ ಪಾಸ್‌ವರ್ಡ್, ಒಟಿಪಿ ಕದಿಯುವವರಿದ್ದಾರೆ. ಗೊತ್ತಿಲ್ಲದ ವೈ-ಫೈನಲ್ಲಿ ಬ್ಯಾಂಕಿನ ಕೆಲಸ, ಯುಪಿಐ ಪಾವತಿ ಬೇಡವೇ ಬೇಡ.

ನಿಮ್ಮ ಮನೆಗೆ ಬೀಗ ಹಾಕಿದ್ದೀರಾ?

ಈಗ ಹೊಸ ರೂಟರುಗಳು ಪಾಸ್‌ವರ್ಡ್ ಸಮೇತವೇ ಬರುತ್ತವೆ. ಆದರೆ ಆ ಪಾಸ್‌ವರ್ಡ್ ನಮ್ಮ ಮೊಬೈಲ್ ನಂಬರೋ, ಒಂದರಿಂದ ಎಂಟೋ ಆಗಿದ್ದರೆ ಬೀಗ ಹಾಕಿ ಕೀಲಿಯನ್ನು ಚಪ್ಪಲಿ ಸ್ಟ್ಯಾಂಡಿನಲ್ಲಿ ಇಟ್ಟಂತೆ! ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಬೇಡ. ಈ ವಾರಾಂತ್ಯ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ.

* ಪಾಸ್‌ವರ್ಡ್ 12 ಅಕ್ಷರಕ್ಕಿಂತ ಕಡಿಮೆ ಇರದಿರಲಿ. ಮೊಬೈಲ್ ನಂಬರ್, ಮಕ್ಕಳ ಹೆಸರು, ಮನೆ ನಂಬರ್ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ಮೂರ್ನಾಲ್ಕು ಪದ, ನಡುವೆ ಒಂದೆರಡು ಅಂಕಿ ಸೇರಿಸಿದರೆ ನೆನಪಿಡಲೂ ಸುಲಭ.

* ರೂಟರಿನ ಸೆಟ್ಟಿಂಗ್ ಪುಟಕ್ಕೆ ಹೋಗಲು ಬೇರೆಯೇ ಪಾಸ್‌ವರ್ಡ್ ಇರುತ್ತೆ. ಕಂಪನಿ ಕೊಟ್ಟದ್ದನ್ನು ಹಾಗೇ ಬಿಡದೆ ಬದಲಾಯಿಸಿ.

* ಸುರಕ್ಷತೆಯ ವಿಧಾನ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ. ಹಳೆಯ ಡಬ್ಲ್ಯುಇಪಿ ಇದ್ದರೆ ಅದನ್ನು ಮುರಿಯುವುದು ಸುಲಭ. ಗೊತ್ತಾಗದಿದ್ದರೆ ಸಂಪರ್ಕ ಕೊಟ್ಟವರಿಗೆ ಫೋನ್ ಮಾಡಿ ಕೇಳಿ, ನಾಚಿಕೆ ಬೇಡ.

* ವೈ-ಫೈ ಹೆಸರಿನಲ್ಲಿ ನಿಮ್ಮ ಹೆಸರು, ಮನೆ ನಂಬರ್ ಬೇಡ. ಯಾರ ಮನೆಯದು ಅಂತ ರಸ್ತೆಗೆಲ್ಲ ಸಾರುವುದೇಕೆ?

* ನೆಂಟರಿಗೆ, ಮಕ್ಕಳ ಗೆಳೆಯರಿಗೆ ಅಂತ ಅನೇಕ ರೂಟರುಗಳಲ್ಲಿ 'ಗೆಸ್ಟ್' ಜಾಲ ಇರುತ್ತೆ. ಅದರ ಪಾಸ್‌ವರ್ಡನ್ನೇ ಕೊಡಿ. ಅವರು ಹೋದ ಮೇಲೆ ಬದಲಾಯಿಸಿ.

* ಯಾವ್ಯಾವ ಫೋನು ಸೇರಿಕೊಂಡಿವೆ ಅಂತ ರೂಟರಿನ ಪಟ್ಟಿಯಲ್ಲಿ ತಿಂಗಳಿಗೊಮ್ಮೆ ನೋಡಿ. ಗುರುತಿಲ್ಲದ ಹೆಸರು ಕಂಡರೆ ಪಾಸ್‌ವರ್ಡ್ ಬದಲಾಯಿಸಿ. ಬಾಡಿಗೆಯವರು ಮನೆ ಖಾಲಿ ಮಾಡಿದಾಗಲೂ ಅಷ್ಟೇ.

* ಊರಿಗೆ ಹೊರಟಾಗ ಗ್ಯಾಸ್ ಆಫ್ ಮಾಡಿದ ಹಾಗೆ ರೂಟರನ್ನೂ ಆಫ್ ಮಾಡಿ.

* ನಿಮ್ಮ ವೈ-ಫೈ ದುರುಪಯೋಗ ಆಗಿದೆ ಅನ್ನಿಸಿದರೆ ಹತ್ತಿರದ ಠಾಣೆಗೆ ಅಥವಾ ನಿಮ್ಮ ವಿಭಾಗದ ಸಿಇಎನ್ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಪಕ್ಕದವರಿಗೆ ಹೇಳಿ

ಪಕ್ಕದ ಮನೆಯ ವೈ-ಫೈ ತೆರೆದಿರುವುದು ನಿಮಗೆ ಕಂಡರೆ ಸುಮ್ಮನಿರಬೇಡಿ. ಅವರ ಗೇಟು ರಾತ್ರಿ ತೆರೆದೇ ಇದ್ದರೆ ಕೂಗಿ ಹೇಳುವುದಿಲ್ಲವೇ? ಇದೂ ಹಾಗೇ. ಅದರಲ್ಲೂ ವಯಸ್ಸಾದವರಿಗೆ ಇದೆಲ್ಲ ಗೊತ್ತಿರುವುದಿಲ್ಲ. ನಿಮ್ಮ ಮಗನೋ ಮಗಳೋ ಹತ್ತು ನಿಮಿಷ ಕೂತು ಪಾಸ್‌ವರ್ಡ್ ಹಾಕಿಕೊಟ್ಟರೆ ಅದು ದೊಡ್ಡ ಉಪಕಾರ.

ನಾವು ಮಾಡಿದ್ದೂ ಅದನ್ನೇ. ಎರಡು ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಹೇಳದೆ ನಿಲ್ಲಿಸಿಬಿಟ್ಟರೆ ಸಾಕಲ್ಲ ಅಂತ ಒಂದು ಮನಸ್ಸು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುವ ಭಯ ಬೇರೆ. ಆದರೆ ಆ ಅಜ್ಜಿ ಆಗಲೇ ದೊಡ್ಡ ಪ್ಲಾನಿಗೆ ದುಡ್ಡು ಕಟ್ಟಲು ಹೊರಟಿದ್ದರು. ಕೊನೆಗೆ ಮಗನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಮಗ ತಲೆ ತಗ್ಗಿಸಿ ನಿಂತ. ನಾನೂ ಅಡುಗೆ ವಿಡಿಯೊ ನೋಡಿದ್ದೆ ಅಂತ ಒಪ್ಪಿಕೊಂಡೆ.

ಅವರು ಒಂದು ನಿಮಿಷ ಸುಮ್ಮನಿದ್ದರು. ಆಮೇಲೆ, "ಕೇಳಿದ್ರೆ ನಾನೇ ಕೊಡ್ತಿದ್ನಲ್ಲಮ್ಮಾ" ಅಂದರು.

ಬೈದಿದ್ದರೆ ಅಷ್ಟು ನಾಟುತ್ತಿರಲಿಲ್ಲ. ಮಗ ಅಂದೇ ಅವರ ರೂಟರಿಗೆ ಪಾಸ್‌ವರ್ಡ್ ಹಾಕಿ, ಒಂದು ಚೀಟಿಯಲ್ಲಿ ಬರೆದು ಅವರ ಕೈಗೇ ಕೊಟ್ಟ. ತನ್ನ ಫೋನಿನಿಂದ ಆ ಜಾಲವನ್ನು ಅವರೆದುರೇ ಅಳಿಸಿದ. ಮುಂದಿನ ತಿಂಗಳು ನಮ್ಮ ಮನೆಗೂ ಒಂದು ಸಣ್ಣ ಪ್ಲಾನ್ ಹಾಕಿಸಿಕೊಂಡೆವು. ಭಾನುವಾರ ಬೆಳಿಗ್ಗೆ ಗೋಡೆಯಾಚೆಯಿಂದ ಮೊಮ್ಮಗನ ನಗು ಕೇಳಿಸುತ್ತಿತ್ತು, ನಡುವೆ ಎಲ್ಲೂ ನಿಲ್ಲದೆ.

ಇಷ್ಟು ಓದಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಫೋನು ಈಗ ಯಾರ ವೈ-ಫೈನಲ್ಲಿದೆ ಅಂತ ನೋಡಿ. ನಿಮ್ಮದೇ ಆಗಿದ್ದರೆ ಸಂತೋಷ. ಪಕ್ಕದವರದ್ದಾಗಿದ್ದರೆ ಸಂಜೆ ಹೋಗಿ ಕಾಲಿಂಗ್ ಬೆಲ್ ಒತ್ತಿ. ಒಂದು ಬಟ್ಟಲು ಪಾಯಸ ಇದ್ದರೆ ಅದನ್ನೂ ತಗೊಂಡು ಹೋಗಿ!